ಮೂರು ಗ್ರಾಂ ಉಪ್ಪು

ದ್ಯಾಮಮ್ಮ ತೀರಿಕೊಂಡು ಇವತ್ತಿಗೆ ಇಪ್ಪತ್ತೆರಡು ದಿನ. ರಾಮಗಿರಿಯ ಶಾಲೆಯಲ್ಲಿ ಹದಿನಾಲ್ಕು ವರ್ಷ ಬಿಸಿಯೂಟ ಬೇಯಿಸಿದವಳು. ನೂರಿಪ್ಪತ್ತು ಮಕ್ಕಳಿಗೆ ಎಷ್ಟು ಸೇರು ಅಕ್ಕಿ, ಎಷ್ಟು ಪಾವು ಬೇಳೆ ಎಂಬುದು ಅವಳ ಕೈಗೇ ಗೊತ್ತಿತ್ತು. ಕಿಲೋ ಲೆಕ್ಕ ತೆಗೆದರೆ ಮೇಷ್ಟ್ರನ್ನೂ ಗದರುತ್ತಿದ್ದಳು. ಅಂಥವಳನ್ನು ಎರಡು ವರ್ಷದ ಹಿಂದೆ ಒಂದು ಚಮಚ ಉಪ್ಪು ನಡುಗಿಸಿಬಿಟ್ಟಿತು.

ಗಂಡ ಮುರುಗೇಶಪ್ಪನ ಹೃದಯ ಸೋತಿತ್ತು. "ದಿನಕ್ಕೆ ಮೂರು ಗ್ರಾಂ ಉಪ್ಪು. ಮೀರಿದ್ರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ," ಎಂದಿದ್ದರು ಚಿತ್ರದುರ್ಗದ ಡಾಕ್ಟರು. ಮೂರು ಗ್ರಾಂ ಎಂದರೆ ಎಷ್ಟು? ರೇಷನ್ ಅಂಗಡಿಯ ತಕ್ಕಡಿ ಅಷ್ಟು ಸಣ್ಣದನ್ನು ತೋರಿಸುವುದಿಲ್ಲ. ಉಪ್ಪಿನ ಡಬ್ಬಿ, ಚಮಚ ಹಿಡಿದು ಹೊಳಲ್ಕೆರೆಯ ಅಕ್ಕಸಾಲಿ ಮಲ್ಲೇಶಾಚಾರಿಯ ಅಂಗಡಿಗೆ ಹೋದಳು.

"ಏನಕ್ಕ, ಉಪ್ಪಲ್ಲಿ ಓಲೆ ಮಾಡಿಸ್ತೀಯಾ?" ಎಂದು ನಗುತ್ತ ಅವನು ಚಮಚ ತುಂಬಿ, ಬೆರಳಲ್ಲಿ ಸವರಿ, ಚಿನ್ನ ತೂಗುವ ತಕ್ಕಡಿಗೆ ಸುರಿದ. ಸರಿಯಾಗಿ ಮೂರು ಗ್ರಾಂ. ಅಂದಿನಿಂದ ಗಂಡನ ಸಾರಿಗೆ ಬೇರೆ ಪಾತ್ರೆ, ದಿನಕ್ಕೆ ಅದೇ ಒಂದು ಚಮಚ.

ಒಂಬತ್ತನೇ ದಿನ ಅವನ ಪಾದ ಊದಿತು. ಒತ್ತಿದರೆ ಬೆರಳಿನ ಕುಳಿ ಹಾಗೇ ಉಳಿಯಿತು. "ನಡೆದಾಡಿದ್ದಕ್ಕೆ ಕಣೆ, ಸುಮ್ನಿರು," ಎಂದ.  ತಕ್ಕಡಿಯೇ ಸುಳ್ಳಿರಬೇಕೆಂದು ಅವಳು ಮಾರನೇ ದಿನ ಸಾರು ಕುದಿಸಿಟ್ಟು, ಡಬ್ಬಿ, ಚಮಚ ಹಿಡಿದು ಹೊಳಲ್ಕೆರೆಗೆ ಬೆಳಗಿನ ಬಸ್ ಹತ್ತಿದಳು.

"ಮನೇಲಿ ಹೆಂಗ್ ಹಾಕ್ತೀಯೋ ಹಂಗೇ ತುಂಬು," ಎಂದ ಆಚಾರಿ.

ತುಂಬಿದಳು. ತಕ್ಕಡಿ ಐದೂವರೆ ತೋರಿಸಿತು.

"ಅಯ್ಯೋ ಅಕ್ಕ, ನಾನು ಸವರಿ ಹಾಕಿದ್ದೆ. ನೀನು ಗೋಪುರ ಕಟ್ಟಿದೀಯಲ್ಲ!"

"ಬೋಳು ಅಳತೆ ಹಾಕ್ತಾರೇನೋ ಮನೆ ಯಜಮಾನಂಗೆ?" ಎಂದವಳು ತಕ್ಕಡಿಯತ್ತ ಮತ್ತೆ ನೋಡಿದಳು. ಸೇರಾಗಲಿ ಪಾವಾಗಲಿ, ತಲೆ ತುಂಬ ಸುರಿಯದೆ ಕೊಟ್ಟರೆ ಮನೆಗೆ ಬರ ಎಂದು ಅವ್ವ ಕಲಿಸಿದ್ದಳು. ಆ ಕೈ ಒಂಬತ್ತು ದಿನ ಹೆಚ್ಚುಕಡಿಮೆ ಎರಡರಷ್ಟು ಉಪ್ಪು ಬಡಿಸಿತ್ತು. ಇವತ್ತಿನ ಸಾರು ಒಲೆಯ ಮೇಲಿದೆ.

ಗಂಡನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಜನ ಇಳಿಯುವಾಗ, "ಬಿರ್ರನೆ ಇಳೀರಪ್ಪ," ಎಂದು ಗೋಗರೆದಳು. ಅವನು ಗೋಡೆಗೊರಗಿ ಬಾಯಿ ತೆರೆದಿರುವಂತೆ ಕಣ್ಣ ಮುಂದೆ ಬರುತ್ತಿದ್ದ.

ಮನೆಗೆ ಬಂದಾಗ ಅವನು ಗೋಡೆಗೇ ಒರಗಿದ್ದ, ಪಕ್ಕದಲ್ಲಿ ಉಂಡ ತಟ್ಟೆ. "ಇವತ್ತು ಸಾರು ಬಾಳ ರುಚಿಯಾಗಿತ್ತು..." ಎಂದ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ನೆರೆಮನೆಯ ಓಬಳೇಶ್ ಆಟೋ ತಂದ. ದುರ್ಗ ಮುಟ್ಟುವವರೆಗೂ ಅವಳ ಅಂಗೈ ಗಂಡನ ಎದೆಯ ಮೇಲೇ ಇತ್ತು. ಆರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ನೀರು ಇಳಿಸಿದರು. ಬದುಕಿದ.

ಊರಿಗೆ ಬಂದ ಮೇಲೆ ಅವನ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಸವರಿ ಹಾಕಿದರೆ ಸಾಕೆಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ತಾನೂ ಅದೇ ಸಪ್ಪೆ ಸಾರು ಉಂಡಳು.

"ನಿಂಗ್ಯಾಕೆ ಈ ವನವಾಸ?" ಎಂದ ಮುರುಗೇಶಪ್ಪ.

"ಉಪ್ಪಿನ ಡಬ್ಬಿ ಮನೇಲಿದ್ರೆ ನನ್ ಕೈ ಸುಮ್ನಿರಲ್ಲ ಕಣ್ರಿ," ಎಂದು ಡಬ್ಬಿಯನ್ನು ಓಬಳೇಶನ ಮನೆಗೆ ಕೊಟ್ಟುಬಂದಳು. ಅವಳು ತೀರಿಕೊಳ್ಳುವವರೆಗೂ ಅದು ಅಲ್ಲೇ ಇತ್ತು.