ಕೆಂಪಣ್ಣ ಮೇಷ್ಟ್ರ ಬಲಗಡೆ

ಕೆಂಪಣ್ಣ ಮೇಷ್ಟ್ರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಫರೀದಾಬಾದಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಗಡು ಒತ್ತುವ ಯಂತ್ರದ ಪಕ್ಕ ನಿಂತಿದ್ದುದರ ಫಲ. ಭಾನುವಾರ ದೆಹಲಿಯ ವಸಂತ್ ಕುಂಜಿನ ನಮ್ಮ ಬ್ಲಾಕಿಗೆ ಹಾರ್ಮೋನಿಯಂ ಹೊತ್ತು ಬಂದರೆ ಮಕ್ಕಳೆಲ್ಲ ಅವರ ಬಲಗಡೆಯೇ ಒತ್ತಿಕೊಂಡು ಕೂರಬೇಕು. ಎಡಗಡೆ ಅವರ ಮಫ್ಲರ್ ಮಾತ್ರ.

ಒಂದೊಂದು ಮಗುವಿಗೂ ಒಂದೊಂದು ಹಾಡು ಕಟ್ಟಿಕೊಡುತ್ತಿದ್ದರು. ಮೂರೇ ನುಡಿ. ಬರೆದುಕೊಳ್ಳುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. "ನಿನ್ನ ಫೋನು ಕಲಿತು ಏನ್ ಮಾಡ್ಬೇಕಮ್ಮಾ? ಮಗು ಕಲೀಲಿ."

ನನ್ನ ಆರು ವರ್ಷದ ಹರ್ಷಿಣಿಯ ಹಾಡಿನಲ್ಲಿ ಒಂದು ಪಾರಿವಾಳ ಬಳೆ ತರಲು ಮೆಟ್ರೋ ಹತ್ತುತ್ತದೆ. ಎರಡನೇ ನುಡಿಯಲ್ಲಿ ಕರೋಲ್ ಬಾಗಿನ ಜನಜಂಗುಳಿಯಲ್ಲಿ ದಾರಿ ತಪ್ಪುತ್ತದೆ. ಮನೆಗೆ ಬರುವುದು ಮೂರನೆಯದರಲ್ಲಿ ಎಂದಿದ್ದರು ಮೇಷ್ಟ್ರು.

ನವೆಂಬರಿನಲ್ಲಿ ಮೇಷ್ಟ್ರಿಗೆ ಕೆಮ್ಮು ಹತ್ತಿತು. ಹೊರಗೆ ಹೊಗೆ, ಒಳಗೆ ಕೆಮ್ಮು. ಹಿಂದಿನ ಚಳಿಗಾಲ ಮಗಳ ಮೂಗಿಗೆ ನೆಬ್ಯುಲೈಸರ್ ಹಿಡಿದು ಕೂತವಳು ನಾನು, ಪಾಠ ಬಿಡಿಸಿದೆ. ಅವರೇ ಫೋನ್ ಮಾಡಿದರು.

"ಪಾರಿವಾಳ ಇನ್ನೂ ಬಜಾರಲ್ಲೇ ನಿಂತಿದೆ ಕಣಮ್ಮಾ. ಯಾವಾಗ ಕಳಿಸ್ತೀಯಾ?"

"ಗಾಳಿ ಸ್ವಲ್ಪ ಸರಿಹೋಗ್ಲಿ ಮೇಷ್ಟ್ರೇ."

"ಅಚ್ಛಾ, ಚಲೋ. ಮುಂದಿನ ಭಾನುವಾರ."

ಹಾಗೆ ಎಷ್ಟು ಭಾನುವಾರ ಮುಂದೆ ಹಾಕಿದೆನೋ. ಗಾಳಿ ಸರಿಹೋಗಲಿಲ್ಲ. ಜನವರಿಯಲ್ಲಿ ಮೇಷ್ಟ್ರು ತೀರಿಕೊಂಡರು.

ಕಳೆದ ವಾರ ಮೇಷ್ಟ್ರು ಪಾಠ ಹೇಳುತ್ತಿದ್ದ ಕೋಣೆಯಲ್ಲೇ ಅವರನ್ನು ನೆನೆಯಲು ಎಲ್ಲರೂ ಸೇರಿದೆವು. ಅವರ ಹೆಂಡತಿ ಸುಮಿತ್ರಮ್ಮ ಹಾರ್ಮೋನಿಯಂ ತಂದು ನಡುವೆ ಇಟ್ಟರು. ಮಕ್ಕಳು ತಂತಮ್ಮ ಹಾಡು ಹಾಡಿದರು. ಹರ್ಷಿಣಿ ಎರಡು ನುಡಿ ಹಾಡಿ ಬಾಯಿ ಮುಚ್ಚಿದಳು.

"ಆಮೇಲೆ?" ಎಂದ ಪಕ್ಕದ ಮನೆಯ ಸಾತ್ವಿಕ್.

"ಮೇಷ್ಟ್ರಜ್ಜ ಸಿಖಾಯಾ ಹೀ ನಹೀ, ಕಲಿಸ್ಲೇ ಇಲ್ಲ. ಮಮ್ಮಾ ನನ್ನ ಕಳಿಸ್ಲಿಲ್ಲ."

ನಾನು ಸುಮಿತ್ರಮ್ಮನ ಮುಖ ನೋಡಿದೆ. ಅವರಿಗಾದರೂ ಗೊತ್ತಿರಬಹುದು ಎಂಬ ಆಸೆ.

"ನನಗೂ ಹೇಳಿಲ್ಲಮ್ಮಾ," ಎಂದರು. "ಮಗು ಮುಂದೆ ಕೂತಾಗ್ಲೇ ಅವರಿಗೆ ಹಾಡು ಹುಟ್ತಿದ್ದಿದ್ದು." ಮತ್ತೆ ಹರ್ಷಿಣಿಯ ಕಡೆ ತಿರುಗಿ, "ಮೊದಲಿಂದ ಹಾಡು ಪುಟ್ಟಿ. ಅಮ್ಮನೂ ಜೊತೆಗೆ ಹಾಡ್ಲಿ."

ಹಾಡು ನನಗೆ ಅರ್ಧಂಬರ್ಧ ಗೊತ್ತು. ಕಣ್ಣೊರೆಸಿಕೊಂಡು ಹಾರ್ಮೋನಿಯಂ ಪಕ್ಕ, ಜಾಗ ಖಾಲಿಯಿದ್ದ ಕಡೆ ಕೂತೆ. ಹರ್ಷಿಣಿ ನನ್ನ ದುಪಟ್ಟಾ ಹಿಡಿದು ಎಳೆದಳು.

"ಮಮ್ಮಾ, ಉಧರ್ ನಹೀ! ಆ ಕಿವಿ ಅಜ್ಜಂಗೆ ಕೇಳ್ಸಲ್ಲ."

ಎದ್ದು ಬಲಗಡೆಗೆ ಬಂದು, ಮಕ್ಕಳ ನಡುವೆ ಒತ್ತಿಕೊಂಡು ಕೂತೆ.