ಪವಿಯ ಎಡಗೈ

ಮೊದಲು ಬಿದ್ದದ್ದು ಮಂಡಕ್ಕಿ ತಟ್ಟೆ. ಆಮೇಲೆ ಬಿದ್ದದ್ದು ನನ್ನ ಏಟು.

ನ್ಯಾಮತಿ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದು ಮಂಡಕ್ಕಿ-ಮಿರ್ಚಿ ಅಂಗಡಿ. ಯಜಮಾನರು ಬಾಣಲೆ ಮುಂದೆ, ನಾನು ಮಂಡಕ್ಕಿ ಒಗ್ಗರಣೆಗೆ. ಮಗಳು ಪವಿತ್ರಾಗೆ ಹದಿಮೂರು ವರ್ಷ. ಡೌನ್ಸ್ ಸಿಂಡ್ರೋಮ್ ಅಂತ ಹುಟ್ಟಿದ ವಾರವೇ ಹೇಳಿದ್ದರು. ಶಾಲೆಯಲ್ಲಿ ಅಕ್ಷರ ತಲೆಗೆ ಹತ್ತಲಿಲ್ಲ. ತಟ್ಟೆ ಕೊಡುವುದನ್ನು ಮಾತ್ರ ಚೆನ್ನಾಗಿ ಕಲಿತಳು. ಎರಡೂ ಕೈಯಲ್ಲಿ ಹಿಡಿದು ತಂದು, ಗಿರಾಕಿ ಮುಂದೆ ಇಟ್ಟು, "ತಿನ್ರಿ" ಅನ್ನುತ್ತಿದ್ದಳು. ಆ ಒಂದು ಮಾತು ಕೇಳಲಿಕ್ಕೇ ಹೊನ್ನಾಳಿ ಬಸ್ಸಿನ ಕಂಡಕ್ಟರು ಇಳಿದು ಬರುತ್ತಿದ್ದರು.

ಒಂದು ಮಧ್ಯಾಹ್ನ ತಟ್ಟೆ ಎಡಗೈಯಿಂದ ಜಾರಿತು. ಮರುದಿನ ಮತ್ತೆ. ಸಂತೆ ದಿನ ಮೂರು ಸಲ. ಗಿರಾಕಿಗಳ ಎದುರಿಗೇ ಬೆನ್ನಿಗೆ ಎರಡು ಬಿಗಿದೆ. ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಲ್ಲುವಷ್ಟರಲ್ಲಿ ಎಡಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆ ವಾಲಿತ್ತು. ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು.

"ನೋಡ್ರಿ ಇದರ ನಾಟಕ," ಅಂದೆ ಯಜಮಾನರಿಗೆ.

ಅತ್ತೆ ಒಪ್ಪಲಿಲ್ಲ. "ನಾಟಕ ಮಾಡಾಕೆ ಅದಕ್ಕೆ ಎಲ್ಲಿ ಬರ್ತೈತೆ ಗಿರಿಜಾ? ಏನೋ ಆಗೈತೆ. ದವಾಖಾನೆಗೆ ತೋರ್ಸು."

ತೋರಿಸಲಿಲ್ಲ. ನನ್ನದೊಂದು ಹಟ ಇತ್ತು. ಜನ ಪವಿಯನ್ನು ನೋಡಿ 'ಅಯ್ಯೋ ಪಾಪ' ಅಂದರೆ ನನಗೆ ಮೈ ಉರಿಯುತ್ತಿತ್ತು. ಎಲ್ಲ ಮಕ್ಕಳ ಹಾಗೇ ಬೆಳೆಸುತ್ತೇನೆ, ಎಲ್ಲ ಮಕ್ಕಳಿಗೆ ಬೀಳುವ ಏಟು ಇವಳಿಗೂ ಬೀಳುತ್ತದೆ ಅಂತ ಬೀಗುತ್ತಿದ್ದೆ. ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ತಟ್ಟೆ ಬಿದ್ದರೆ ಏಟು, ಏಟಿಗೆ ಅಳು, ಅತ್ತರೆ ಕೈ ಸೋಲು, ಕೈ ಸೋತರೆ ಮತ್ತೆ ತಟ್ಟೆ.

ಒಂದು ಬೆಳಿಗ್ಗೆ ಹಿಟ್ಟಿನ ಪಾತ್ರೆ ಉರುಳಿಸಿದಳು. ಕಿವಿ ಹಿಂಡಿ ಕೆನ್ನೆಗೆ ಹೊಡೆದೆ. ಅತ್ತಳು. ಕೈ ಬಿತ್ತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು.

ಈ ಸಲ ಕೈ ಏಳಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು, ಆಂಜಿಯೋಗ್ರಾಂ ಮಾಡಿದರು. ಸ್ಟ್ರೋಕ್ ಆಗಿದೆ ಅಂದರು. ಹದಿಮೂರು ವರ್ಷದ ಹುಡುಗಿಗೆ ಲಕ್ವ. ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಕೇಳಿದರು.

"ಮುಂಚೆ ಯಾವಾಗಾದ್ರೂ ಕೈ ಸೋತಿತ್ತಾ?"

"ಸೋಲ್ತಿತ್ತು ಮೇಡಂ. ಅತ್ತಾಗೆಲ್ಲ."

"ಯಾಕೆ ಅಳ್ತಿದ್ಳು?"

ಯಜಮಾನರು ನೆಲ ನೋಡಿದರು.

"ನಾನು ಹೊಡಿತಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಯಿಲೆಯ ಹೆಸರು ಮೋಯಾಮೋಯಾ ಅಂದರು. ಮಿದುಳಿಗೆ ಹೋಗುವ ರಕ್ತನಾಳಗಳು ಸಣ್ಣಗಾಗುತ್ತ ಬರುತ್ತವೆ. ಅಪರೂಪದ ಕಾಯಿಲೆ, ಡೌನ್ಸ್ ಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಜೋರಾಗಿ ಅತ್ತು ಏದುಸಿರು ಬಿಟ್ಟಾಗ ಅಲ್ಲಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ, ಕೈಕಾಲು ಸೋಲುತ್ತವೆ. ಬಿಸಿ ಟೀ ಊದಿ ಕುಡಿದರೂ ಹಾಗಾಗಬಹುದು. "ಕಾಯಿಲೆ ನಿಮ್ಮಿಂದ ಬಂದಿದ್ದಲ್ಲಮ್ಮ. ಇನ್ಮೇಲೆ ಅವಳನ್ನ ಅಳಿಸಬೇಡಿ."

ಕಾಯಿಲೆ ನನ್ನಿಂದ ಬಂದದ್ದಲ್ಲ, ನಿಜ. ಅಳು ನನ್ನಿಂದಲೇ ಬಂದದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೆಂಗಳೂರಿನಲ್ಲಿ ಆಪರೇಷನ್. ತಲೆಯ ಚರ್ಮದ ರಕ್ತನಾಳವೊಂದನ್ನು ಮಿದುಳಿನ ಮೇಲೆ ಕೂರಿಸುತ್ತಾರಂತೆ. ಹಿಂದಿನ ದಿನ ಡ್ರಿಪ್ ಹಾಕಲು ನರ್ಸ್ ಬಂದರು. "ಅಳಬ್ಯಾಡ ಪವಿ, ಅಳಬಾರ್ದು," ಅಂತ ಮತ್ತೆ ಮತ್ತೆ ಹೇಳಿದೆ. ನರ ಸಿಗಲಿಲ್ಲ. ಮೂರು ಕಡೆ ಚುಚ್ಚಿದರು. ಪವಿ ತುಟಿ ಕಚ್ಚಿ ಹಿಡಿದಳು. ಒಂದು ಹನಿ ಬರಲಿಲ್ಲ.

"ಎಷ್ಟು ಜಾಣೆ!" ಅಂದರು ನರ್ಸ್.

ಪವಿ ನನ್ನ ಕಡೆ ತಿರುಗಿದಳು. "ಅಳಲಿಲ್ಲ ಅವ್ವ. ಹೊಡಿಬ್ಯಾಡ."

ನರ್ಸ್ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಈಗ ಐದು ತಿಂಗಳಾಯಿತು. ಒಂದು ಕಡೆಯ ಆಪರೇಷನ್ ಆಗಿದೆ, ಇನ್ನೊಂದು ಕಡೆಯದು ಬಾಕಿ. ದಿನಾ ಆಸ್ಪಿರಿನ್, ಹೊಟ್ಟೆ ತುಂಬ ನೀರು, ಫಿಸಿಯೋಥೆರಪಿ. ಎಡಗೈಯಲ್ಲಿ ಎರಡು ಬೆರಳು ಮಡಚಲು ಬರುತ್ತದೆ. ಮಿರ್ಚಿಯನ್ನು ನಾನೇ ಬೀಸಣಿಗೆ ಬೀಸಿ ಆರಿಸಿ ಕೊಡುತ್ತೇನೆ. ಮನೆಯಲ್ಲಿ ಯಾರೂ ದನಿ ಏರಿಸುವುದಿಲ್ಲ. ಅತ್ತೆಯ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಆ ಮುದುಕಿ ಬಚ್ಚಲಿಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತು ಬಂದರು. ಜೀವ ಉಳಿದಿದೆ, ಅಷ್ಟಕ್ಕೆ ದಿನಾ ದೇವರಿಗೆ ಕೈ ಮುಗಿಯುತ್ತೇನೆ. ಇದೇ ಕೈ.

ಹೋದ ವಾರ ಪವಿ ತಾನಾಗಿಯೇ ಅಂಗಡಿಗೆ ಬಂದಳು. ತಟ್ಟೆ ಬೇಕು ಅಂದಳು. ಕೊಟ್ಟೆ. ಬಲಗೈಯಲ್ಲಿ ಹಿಡಿದು ಎಡಗೈ ಕೆಳಗೆ ಆನಿಸಿದಳು. ನಾಲ್ಕು ಹೆಜ್ಜೆ ಹೋದಳು. ತಟ್ಟೆ ಬಿತ್ತು. ಮಂಡಕ್ಕಿ ನೆಲದ ತುಂಬ ಚೆಲ್ಲಿತು.

ಅವಳು ತಟ್ಟೆ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ನನ್ನ ಕೈ ನೋಡಿದಳು.

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ಬೀಳ್ಲಿ ಬಿಡವ್ವ. ಸ್ಟೀಲ್ ತಟ್ಟೆ, ಒಡಿಯಾದಿಲ್ಲ," ಅಂದೆ. ಯಜಮಾನರು ಇನ್ನೊಂದು ತಟ್ಟೆ ತುಂಬಿ ಅವಳ ಬಲಗೈಗೆ ಕೊಟ್ಟರು. ಅದು ಗಿರಾಕಿಯ ಮುಂದೆ ಹೋಗಿ ಕೂತಿತು.

"ತಿನ್ರಿ," ಅಂದಳು ಪವಿ. ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಂತು.