ಅಜ್ಜನಿಗೆ ನಗಲು ಹೇಳಿದ ಫೋಟೋಗ್ರಾಫರ್

ಇವತ್ತು ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋಗಿದ್ದೆ ಗೆಳೆಯರೇ. ಸ್ಟುಡಿಯೋದವನು "ನಗಬೇಡಿ ಸಾರ್" ಎಂದ. ಅಷ್ಟು ಹೇಳಿದ್ದೇ ತಪ್ಪಾಯಿತು. ಅಜ್ಜ ಸತ್ತ ದಿನ ನೆನಪಾಗಿ ನನಗೆ ನಗು ನಿಲ್ಲಲೇ ಇಲ್ಲ.

ಎಪ್ಪತ್ತರ ದಶಕದ ಕೊನೆ. ಭಟ್ಕಳದ ಹತ್ತಿರದ ತೆಂಗಿನಗುಂಡಿಯಲ್ಲಿ ದೋಣಿ ನಡೆಸುತ್ತಿದ್ದ ಅಜ್ಜ ತೀರಿಕೊಂಡಿದ್ದ. "ಅವ್ರದ್ದೊಂದು ಫೋಟೋನೇ ಇಲ್ಲ. ಫೋಟೋ ತೆಗೀದೆ ಇಲ್ಲಿಂದ ಎತ್ತೂಕೆ ಬಿಡುದಿಲ್ಲ" ಎಂದು ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಅಪ್ಪ ಭಟ್ಕಳಕ್ಕೆ ಹೋಗಿ ಫೋಟೋಗ್ರಾಫರನ್ನು ಕರೆತಂದ. ಪಾಪ, ಅವನಿಗೆ ಮದುವೆ ಫೋಟೋ ತೆಗೆದೇ ಅಭ್ಯಾಸ. ಅಂಗಳದ ನೆರಳಲ್ಲಿ ಅಜ್ಜನನ್ನು ಕುರ್ಚಿಗೆ ಒರಗಿಸಿ ಕೂರಿಸಿದರು. ಪಕ್ಕದಲ್ಲಿ ಅಜ್ಜಿ, ಹಿಂದೆ ಅಳುತ್ತಾ ನಾವೆಲ್ಲ. ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟು ಗಂಭೀರವಾಗಿ ಹೇಳಿದ:

"ಅಜ್ಜಾ, ಸ್ವಲ್ಪ ನಗಿ."

ಅಳು ಗಕ್ಕನೆ ನಿಂತಿತು. ಅಪ್ಪನ ಮುಖ ಕೆಂಪೇರಿತು. ಇನ್ನೇನು ಹೊಡೆದೇಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, "ಬದ್ಕಿದ್ದಾಗ್ಲೇ ನಗ್ಲಿಲ್ಲ ಮಾರಾಯಾ, ಈಗ ಎಂತ ನಗ್ತ್ರು?" ಎಂದಳು.

ಮೊದಲು ನಕ್ಕವಳು ಅತ್ತೆ. ಆಮೇಲೆ ಅಪ್ಪ. ಕೊನೆಗೆ ಹೆಗಲು ಕೊಡಲು ಬಂದವರೂ ಹೊಟ್ಟೆ ಹಿಡಿದುಕೊಂಡರು. ಬಾಯಿತಪ್ಪಿ ಆಡಿದ ಗಾಬರಿಯಲ್ಲೇ ಫೋಟೋಗ್ರಾಫರ್ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟ.

ವಾರ ಕಳೆದು ಫೋಟೋ ಬಂತು. ನಕ್ಕು ಅಲ್ಲಾಡಿದ್ದರಿಂದ ನಮ್ಮೆಲ್ಲರ ಮುಖ ದೆವ್ವಗಳಂತೆ ಕಲಸಿಹೋಗಿತ್ತು. ಅಜ್ಜ ಒಬ್ಬನೇ ಸ್ಪಷ್ಟವಾಗಿ, ಗತ್ತಿನಿಂದ ಕೂತಿದ್ದ. ಆ ಫೋಟೋ ಈಗಲೂ ನಮ್ಮ ಗೋಡೆಯ ಮೇಲಿದೆ. ನೋಡಿದವರೆಲ್ಲ ಕೇಳುವುದು ಒಂದೇ: "ಇದ್ರಲ್ಲಿ ಸತ್ತವ್ರು ಯಾರು?"